ಸವೆಯದ ಹಿಮ್ಮಡಿ

ಮನೆಯಿಂದ,
ತಾರೀಕು ಹದಿನೇಳು, ಬುಧವಾರ

ನಮ್ಮ ಮನೆಯ ಯಜಮಾನ್ತಿಯವರಿಗೆ,

ನಿನ್ನ ದರ್ಜಿ ಗಂಡನ ತುಂಬು ಪ್ರೀತಿ. ಹೇಗಿದ್ದೀಯ? ಊಟ, ನಿದ್ದೆ ಎಲ್ಲ ಹೊತ್ತು ಹೊತ್ತಿಗೆ ಆಗುತ್ತಿದೆಯೇ? ಕೆಮ್ಮು ಪೂರ್ತಿ ಹೋಯಿತೇ? ಕೈ ಹೇಗಿದೆ, ಬೆನ್ನು ಹೇಗಿದೆ, ಕಾಲು ಹೇಗಿದೆ? ಇಷ್ಟಕ್ಕೂ ಸೇರಿಸಿ "ಚೆನ್ನಾಗಿದ್ದೀನಿ ಕಣ್ರೀ" ಎಂದು ಒಂದೇ ಮಾತಿನಲ್ಲಿ ತೇಲಿಸಿಬಿಡಬೇಡ. ಕೋಟಿಗೆ ಅಳತೆ ಕೊಡುವವರು ಭುಜ ಬೇರೆ, ತೋಳು ಬೇರೆ ಎಂದು ನಿಂತು ಕೊಡುತ್ತಾರಲ್ಲ, ಹಾಗೆ ಒಂದೊಂದನ್ನೇ ಬಿಡಿಸಿ ಬರೆ. ಇಲ್ಲಿ ನಾವೆಲ್ಲ ಕ್ಷೇಮ. ಹಾಗೆಂದು ಬರೆಯುವುದು ರೂಢಿ, ಬರೆದಿದ್ದೇನೆ. ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀಯ. ಫೋನು ಹಿಡಿದರೆ ಈ ಕಡೆ ಅಮ್ಮ, ಆ ಕಡೆ ಮಗಳು ಕಿವಿ ಕೊಟ್ಟು ನಿಂತುಬಿಡುತ್ತಾರೆ. ಮೇಲಾಗಿ ಮಾತು ಮರೆಸುವುದರಲ್ಲಿ ನಿನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ. ನಾನು ಕಾಲಿನ ವಿಷಯ ತೆಗೆದರೆ ನೀನು ಗ್ಯಾಸ್ ಸಿಲಿಂಡರ್ ಬಂತಾ ಎಂದು ಕೇಳುತ್ತೀಯ. ಕಾಗದಕ್ಕೆ ಆ ಭಯವಿಲ್ಲ.

ಮೊದಲು ಮನೆಯ ಸುದ್ದಿ. ನಮ್ಮ ಇನ್‌ಸ್ಪೆಕ್ಟರ್ ಮಗಳು ಈಗ ತನ್ನ ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಒಂದು ಕಿವಿಯ ಮೇಲಿದ್ದರೆ ಇನ್ನೊಂದು ಕುತ್ತಿಗೆಯ ಹತ್ತಿರ ಇರುತ್ತದೆ. ನಾನು ಸರಿಮಾಡಲು ಹೋದರೆ "ಅಪ್ಪ, ನಿಂಗೆ ಬಟ್ಟೆ ಮಾತ್ರ ಗೊತ್ತು" ಎಂದು ತಲೆ ಎಳೆದುಕೊಳ್ಳುತ್ತಾಳೆ. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಟೀಚರಿಂದ ಶಹಬ್ಬಾಸ್ ಅನ್ನಿಸಿಕೊಂಡು ಬಂದಿದ್ದಾಳೆ. ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ಕೊಳಾಯಿ ರಿಪೇರಿಯವನು ನಾಳೆ ಎಂದವನು ಇನ್ನೂ ನಾಳೆಯಲ್ಲೇ ಇದ್ದಾನೆ, ಸದ್ಯಕ್ಕೆ ಹರಿದ ಬನಿಯನ್ ಸುತ್ತಿ ಇಟ್ಟಿದ್ದೇನೆ. ನೀನಿದ್ದಿದ್ದರೆ ಒಂದು ಗದರಿಕೆಗೆ ಬಂದು ಹೋಗುತ್ತಿದ್ದ. ಅಂಗಡಿಯ ಕೆಲಸಕ್ಕೇನೂ ಕೊರತೆಯಿಲ್ಲ. ಎದುರು ಮನೆಯ ಪೋಸ್ಟ್‌ಮಾಸ್ಟರ್ ತಮ್ಮ ಮಗನ ಮದುವೆಗೆ ಕೋಟು ಹೊಲಿಸುತ್ತಿದ್ದಾರೆ, ಒಳ್ಳೆಯ ಬಟ್ಟೆ. ಆ ಕೋಟಿನದೇ ಒಂದು ಅವಾಂತರವಾಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಅಮ್ಮನದು ಗೊತ್ತಲ್ಲ, ಕಿಟಕಿಯ ಪಕ್ಕದ ಕುರ್ಚಿ, ಮಡಿಲಲ್ಲಿ ಉಲ್ಲನ್ ಉಂಡೆ, ಕೈಯಲ್ಲಿ ನಾಲ್ಕು ಕಡ್ಡಿ. ಬೀದಿಯಲ್ಲಿ ಹೋಗುವವರ ನ್ಯಾಯ ಬಾಯಲ್ಲಿ ತೀರುತ್ತಿರುತ್ತದೆ, ಕಾಲುಚೀಲ ಕೈಯಲ್ಲಿ ಬೆಳೆಯುತ್ತಿರುತ್ತದೆ. ನೀನು ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಸೇರಿ ಅಲ್ಲಿನ ರೂಮಿಗೆ ಹೋದ ದಿನದಿಂದ ಆಕೆಗೆ ಬೇರೆ ಹೆಣಿಗೆಯೇ ಇಲ್ಲ. ಮೊದಲ ಜೊತೆ ಕೊಟ್ಟಾಗ "ಅತ್ತೆ, ಇದು ಚುಚ್ಚುತ್ತೆ" ಎಂದಿದ್ದೆಯಲ್ಲ, ಅದನ್ನು ಇವತ್ತಿನವರೆಗೂ ಬಂದವರಿಗೆಲ್ಲ ಹೇಳುತ್ತಾಳೆ. ಹೇಳುತ್ತಲೇ ಮೆತ್ತನೆಯ ನೂಲು ಹುಡುಕಿ ತರಿಸುತ್ತಾಳೆ. ನಿಮ್ಮಲ್ಲಿಯ ಲಾರಿ ಓಡಿಸುವ ನಮ್ಮ ಹಾರನ್ ತಮ್ಮ ನಿನ್ನ ಸವೆದ ಜೊತೆಗಳನ್ನು ತರುವುದು, ಅಮ್ಮ ಹಿಮ್ಮಡಿ ಬಿಚ್ಚಿ ಹೊಸದಾಗಿ ಹೆಣೆಯುವುದು, ಮುಂದಿನ ಲಾರಿಗೆ ಅವು ಹಿಂದಿರುಗುವುದು, ಇದು ನಮ್ಮ ಮನೆಗೆ ಹಾಲು ಪೇಪರಿನಷ್ಟೇ ಸಹಜವಾಗಿಹೋಗಿದೆ. ಹೋದ ಚಳಿಗಾಲದಲ್ಲಿ ಎರಡೂ ಚೀಲಗಳ ಹೆಬ್ಬೆರಳ ಜಾಗ ತೂತು ಬಿದ್ದು ಬಂದಾಗ, ನಿನಗೆ ಬೂಟು ಬಿಗಿ ಎಂದು ಅಮ್ಮ ಕುರ್ಚಿಯಲ್ಲಿ ಕೂತೇ ಹೇಳಿದಳು. ನಾನದನ್ನು ಫೋನಿನಲ್ಲಿ ಕೇಳಿದಾಗ ನೀನು ನಕ್ಕು ನಕ್ಕು "ಅಯ್ಯೋ, ನಿಮ್ಮಿಬ್ಬರ ಹತ್ರ ಏನೂ ಮುಚ್ಚಿಡೋ ಹಾಗಿಲ್ಲಪ್ಪ" ಎಂದೆ. ಆ ನಗು ನನಗೆ ಚೆನ್ನಾಗಿ ನೆನಪಿದೆ. ನಿನಗೂ ನೆನಪಿತ್ತು ಎಂದು ಈಗ ಗೊತ್ತಾಗುತ್ತಿದೆ.

ಈ ಸಲದ ಗಂಟಿನ ವಿಷಯಕ್ಕೆ ಬರುತ್ತೇನೆ. ಹಾರನ್ ತಮ್ಮ ಯಾವಾಗಲೂ ಬೀದಿಯ ತಿರುವಿನಲ್ಲೇ ಹಾರನ್ ಪೋಂ ಎನ್ನಿಸುತ್ತಾ ಬಂದು, ಎರಡು ಲೋಟ ಚಹಾ ಕುಡಿದು, ನಿನ್ನ ಮಾತು ನಾಲ್ಕು, ತನ್ನ ಮಾತು ಹತ್ತು ಹೇಳಿ ಹೋಗುವವನು. ಹೋದ ವಾರ ಗಂಟು ಕೊಟ್ಟವನು ಕೂರಲೇ ಇಲ್ಲ. ಚಹಾ ಅರ್ಧ ಲೋಟದಲ್ಲೇ ಬಿಟ್ಟ. ಅಕ್ಕ ಹೇಗಿದ್ದಾರಪ್ಪ ಎಂದರೆ ಟೈರು ನೋಡಿಕೊಂಡು "ಚೆನ್ನಾಗಿದ್ದಾರೆ ಅಣ್ಣ" ಎಂದ. ಗೇಟಿನ ಹತ್ತಿರ ಸಿಕ್ಕಿದ್ದರಾ ಎಂದೆ. "ಇಲ್ಲ, ಅವರ ರೂಮಿನವ್ರು ತಂದ್ಕೊಟ್ರು" ಎಂದವನು, ಹೇಳಬಾರದ್ದನ್ನು ಹೇಳಿದೆ ಅನ್ನಿಸಿತೇನೋ, ಕೆಮ್ಮಿ ಲಾರಿ ಹತ್ತಿಬಿಟ್ಟ. ಇಷ್ಟು ದಿನ ಗೇಟಿನವರೆಗೆ ನೀನೇ ಬಂದು, ಗಂಟನ್ನು ಅವನ ಪಕ್ಕದ ಸೀಟಿನಲ್ಲಿ ನೀನೇ ಇಟ್ಟು, ಹುಷಾರಾಗಿ ಓಡಿಸು ಎಂದು ಉಪದೇಶ ಮಾಡಿ ಕಳಿಸುತ್ತಿದ್ದವಳು.

ಗಂಟು ಬಿಚ್ಚಿದೆ. ಎಡಗಾಲಿನ ಚೀಲ ಯಾವಾಗಲಿಗಿಂತ ಹೆಚ್ಚು ಸವೆದಿತ್ತು. ಹಿಮ್ಮಡಿಯಲ್ಲಿ ತೂತು, ಬೆರಳ ಬುಡದಲ್ಲಿ ಆಚೆಯ ಬೆಳಕು ಕಾಣುವಷ್ಟು ತೆಳು. ಬಲಗಾಲಿನದು ಮಾತ್ರ ಬೆರಳಿಂದ ಮೇಲಿನವರೆಗೆ ಅಮ್ಮ ಹೆಣೆದು ಕೊಟ್ಟ ಹಾಗೇ ಇತ್ತು. ಆ ಕಾಲು ನೆಲಕ್ಕೆ ಊರಿಯೇ ಇಲ್ಲವೇ ಎಂದುಕೊಂಡೆ. ಆಮೇಲೆ ಹಿಮ್ಮಡಿ ತಿರುಗಿಸಿ ನೋಡಿದರೆ ಅಲ್ಲಿ ನೂಲಿನ ನವಿರೆದ್ದು ಸವೆದ ಹಾಗೆ ಕಂಡಿತು. ಸದ್ಯ, ಇದೂ ಸವೆದಿದೆ, ಹೊಸ ಬೂಟಿನ ಅಟ್ಟೆ ಹಾಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಎರಡನ್ನೂ ಅಮ್ಮನ ಬುಟ್ಟಿಗೆ ಹಾಕಿ ಕತ್ತರಿ ಹಿಡಿದೆ. ಸಮಾಧಾನ ಎಷ್ಟರಮಟ್ಟಿಗಿತ್ತೆಂದರೆ, ಪೋಸ್ಟ್‌ಮಾಸ್ಟರ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಟ್ಟೆ. ಹಿಂದೆಂದೂ ಹೀಗೆ ಮಾಡಿದವನಲ್ಲ. ಕೋಟಿನ ಮೈಗೆ ಕೂಡಿಸಲು ಹೋದಾಗಲೇ ಗೊತ್ತಾದದ್ದು. ಬಟ್ಟೆ ತರಲು ಇನ್ನೊಮ್ಮೆ ಹೋಗಬೇಕು, ಅವರಿಗೆ ಏನು ಹೇಳಲಿ ಎಂದು ಇನ್ನೂ ತೋಚಿಲ್ಲ.

ಅವತ್ತೇ ಸಂಜೆ ಮಗಳು ಹೋಮ್‌ವರ್ಕ್ ಮಾಡುತ್ತಾ ತಲೆ ಎತ್ತದೆ ಒಂದು ಮಾತು ಹೇಳಿದಳು: "ಅಪ್ಪ, ಭಾನುವಾರ ಅಮ್ಮ ಕೂತ್ಕೊಂಡೇ ಮಾತಾಡಿದ್ಳು. ಚಪ್ಪಲಿ ಸದ್ದೇ ಬರ್ಲಿಲ್ಲ." ನೀನು ಫೋನು ಹಿಡಿದರೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಾಡುವವಳು. ನಾನು ಮಾತು ಕೇಳುತ್ತೇನೆ, ಅವಳು ಚಪ್ಪಲಿಯ ಸದ್ದನ್ನೂ ಕೇಳುತ್ತಾಳೆ. ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ದಣಿವಾಗಿತ್ತೇನೋ ಪುಟ್ಟಿ ಎಂದೆ. ಅವಳು ನನ್ನ ಮುಖ ನೋಡಿ ಮತ್ತೆ ಪುಸ್ತಕ ನೋಡಿದಳು. ನನ್ನ ಮಾತನ್ನು ಅವಳು ನಂಬಲಿಲ್ಲ.

ಈಗ ಅಮ್ಮನ ಸುದ್ದಿ. ಎಡಗಾಲಿನದಕ್ಕೆ ಹಿಮ್ಮಡಿ ಹಾಕಿ ಮುಗಿಸಿದವಳು, ಬಲಗಾಲಿನದನ್ನು ಮುಟ್ಟದೆ ಹೊಸದೊಂದು ಶುರುಮಾಡಿದ್ದಳು. ನಾನು ಗಮನಿಸಿರಲಿಲ್ಲ. ನಿನ್ನೆ ಗುಂಡಿಯ ಡಬ್ಬಿ ಹುಡುಕುತ್ತಾ ಆ ಕಡೆ ಹೋದರೆ ಕಡ್ಡಿಗಳ ಮೇಲೆ ಇದ್ದದ್ದು ಎಂಥ ಅಗಲದ ಚೀಲ! ನನ್ನ ಎರಡೂ ಕೈ ಒಟ್ಟಿಗೆ ಹೋಗಬಹುದು. ತಮಾಷೆಗೆ "ಏನಮ್ಮ, ಇದೇನು ಆನೆಗಾ?" ಎಂದೆ. ಅಮ್ಮ ಕುಣಿಕೆ ಎಣಿಸುವುದನ್ನು ನಿಲ್ಲಿಸಲಿಲ್ಲ. "ಬಾಯ್ಮುಚ್ಚು. ಕಾಲಿಗೆ ಪಟ್ಟಿ ಸುತ್ತಿರ್ತಾರೆ. ಅದರ ಮೇಲೆ ಹೋಗ್ಬೇಕಲ್ಲ" ಎಂದಳು. ನಾನು ಅಲ್ಲೇ ಅವಳ ಮಂಚದ ಮೇಲೆ ಕೂತೆ. ನಿನಗ್ಯಾರು ಹೇಳಿದರು ಎಂದು ಕೇಳಿದೆ. ಬುಟ್ಟಿಯಿಂದ ಆ ಬಲಗಾಲಿನ ಚೀಲ ತೆಗೆದು, ಒಳಮೈ ಹೊರಕ್ಕೆ ಮಾಡಿ, ನನ್ನ ತೊಡೆಯ ಮೇಲೆ ಹಾಕಿದಳು. "ನೋಡು ನಿನ್ನ ಹೆಂಡ್ತಿ ಕೆಲ್ಸ" ಎಂದಳು.

ಒಳಗೆ ನೂಲು ಹೊಸದಾಗಿಯೇ ಇತ್ತು ಕಣೇ. ಕಾಲು ಉಜ್ಜಿ ಸವೆಯುವ ಬಟ್ಟೆ ಒಳಗಿನಿಂದ ಸವೆಯುತ್ತದೆ. ಮೊದಲು ಒಳಗೆ ಒತ್ತಿಕೊಂಡು ಗಟ್ಟಿಯಾಗಿ, ಆಮೇಲೆ ತೆಳುವಾಗಿ, ಆಮೇಲೆ ತೂತು. ಇದು ಹೊರಗಷ್ಟೇ ನವಿರೆದ್ದಿದೆ. ಬಟ್ಟೆ ಒಗೆಯುವ ಕಲ್ಲಿಗೋ, ಸಿಮೆಂಟು ಗೋಡೆಗೋ ಹಾಕಿ ತಿಕ್ಕಿದ್ದೀಯ. ನಲವತ್ತು ವರ್ಷ ಕಡ್ಡಿ ಹಿಡಿದವಳಿಗೂ ಕತ್ತರಿ ಹಿಡಿದ ಅವಳ ಮಗನಿಗೂ ಕಣ್ಣಿಗೆ ಮಣ್ಣೆರಚಲು ಹೊರಟೆಯಲ್ಲ! "ಕಳ್ಳಿ. ತಿಕ್ಕೋದಾದ್ರೆ ಒಳಗಡೆ ತಿಕ್ಕಬೇಕಿತ್ತು" ಎಂದಳು ಅಮ್ಮ. ಬೈಯುವ ದನಿಯಲ್ಲೇ ಹೇಳಿದಳು. ಆದರೆ ಕಣ್ಣು ಒರೆಸಿಕೊಂಡದ್ದು ಉಲ್ಲನ್ ಉಂಡೆಯಿಂದ. ನಿನಗೆ ಚುಚ್ಚುತ್ತದೆಂದು ಹುಡುಕಿ ತರಿಸಿದ ಅದೇ ಮೆತ್ತನೆಯ ನೂಲು.

ಆಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಪೆಟ್ಟಿಗೆ ಜಾರಿ ಕಾಲಿನ ಮೇಲೆ ಬಿತ್ತೇ? ಒದ್ದೆ ನೆಲದಲ್ಲಿ ಬಿದ್ದೆಯಾ? ಆ ತಣ್ಣನೆಯ ಕೋಣೆಯಲ್ಲಿ ನಿಂತು ನಿಂತು ಬೆರಳು ಮರಗಟ್ಟಿತೇ? ಮೂಳೆ ಮುರಿದಿದ್ದರೆ ಕೂಡಿಕೊಳ್ಳುತ್ತದೆ, ಅದಕ್ಕೆ ಹೆದರುವುದಿಲ್ಲ. ಅದಕ್ಕಿಂತ ಮುಂದೆ ಯೋಚನೆ ಹೋಗುತ್ತದೆ, ನಾನು ಎಳೆದು ತಂದು ಕೂರಿಸುತ್ತೇನೆ, ಮತ್ತೆ ಹೋಗುತ್ತದೆ. ಮಿಷನ್ ತುಳಿಯುವಾಗ ನನ್ನ ಬಲಗಾಲನ್ನೇ ನೋಡುತ್ತಾ ಕೂತಿರುತ್ತೇನೆ. ದಾರ ತುಂಡಾದದ್ದೂ ತಿಳಿಯುವುದಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ನಾನು ಕೇಳುವುದಿಲ್ಲ, ಗೊತ್ತು. ಫೋನಿನಲ್ಲಿ ನೀನು ಎರಡು ಸಲ ಕೆಮ್ಮಿದ್ದಕ್ಕೆ ನಾನು ಅಂಗಡಿಗೆ ಬೀಗ ಹಾಕಿ, ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು, ನಿಮ್ಮ ಗೇಟಿನ ಮುಂದೆ ಬಂದು ನಿಂತೆನಲ್ಲ. ವಾಚ್‌ಮನ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ್ದ. ನಿನ್ನ ಜೊತೆಯವರೆಲ್ಲ ಕಿಟಕಿಯಲ್ಲಿ ಇಣುಕಿ "ಬಿಸಿನೀರು ಬಂತು, ಬಿಸಿನೀರು ಬಂತು" ಎಂದು ನಗುತ್ತಿದ್ದರು. ಸೂಪರ್‌ವೈಸರ್ ಹತ್ತಿರ ಬೈಸಿಕೊಂಡು ಹೊರಗೆ ಬಂದ ನೀನು ಅತ್ತುಬಿಟ್ಟೆ. ನಿನ್ನ ತಲೆಯ ಮೇಲೆ ನನ್ನ ಕೈ ಇರಿಸಿಕೊಂಡು "ನಾನು ಬನ್ನಿ ಅನ್ನೋ ತನಕ ಬರಬಾರ್ದು" ಎಂದು ಆಣೆ ಹಾಕಿಸಿದೆ. ಆಣೆ ಮುರಿದರೆ ನಿನ್ನ ತಲೆಗೇ ಎಂದು ನನ್ನನ್ನು ಕಟ್ಟಿಹಾಕಿದ್ದೀಯ. ಈಗ ಕಾಲಿಗೂ ಏನೋ ಆಗಿದೆ. ನಿನ್ನ ತಲೆ ಕಾಯಲೇ, ಕಾಲು ನೋಡಲು ಬರಲೇ, ನೀನೇ ಹೇಳು. ಅಮ್ಮ ನನಗಿಂತ ಧೈರ್ಯವಂತೆ. "ಆಣೆಗೀಣೆ ನನಗಿಲ್ಲ, ನಾನು ಹೋಗ್ತೀನಿ" ಎಂದು ಹೊರಟಿದ್ದಳು. ಮಂಡಿ ನೋವಿನವಳನ್ನು ಬಸ್ಸು ಹತ್ತಿಸುವುದು ಹೇಗೆ? ಹೆಣಿಗೆ ಮುಗಿಯಲಿ ಎಂದು ತಡೆದಿದ್ದೇನೆ.

ನನಗೆ ಕೋಪವಿಲ್ಲ. ಇದ್ದದ್ದನ್ನು ನಿನ್ನೆ ಆ ಹಾಳಾದ ಎಡತೋಳಿನ ಮೇಲೆ ತೀರಿಸಿಕೊಂಡಾಯಿತು. ನೋವಿನ ಕಾಲಿನಲ್ಲೇ ಎದ್ದು, ಯಾರೂ ನೋಡದ ಹಾಗೆ ಕಲ್ಲಿಗೆ ಕಾಲುಚೀಲ ತಿಕ್ಕುತ್ತಾ ನೀನು ಕೂತಿದ್ದೆಯಲ್ಲ, ಅದೊಂದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಮಗೆ ಗಾಬರಿಯಾಗದಿರಲಿ ಎಂದು ಅಷ್ಟು ಕಷ್ಟಪಡುವ ಬದಲು ಅಲ್ಲಿ ಸುಮ್ಮನೆ ಮಲಗಿರಬಾರದಿತ್ತೇ? ಮನೆಯಲ್ಲಿ ಎಲ್ಲರಿಗೂ ನೀನು ಬೇಕು. ನನಗಂತೂ ಬೇಕೇ ಬೇಕು, ಇದನ್ನು ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ, ಬರೆದಿದ್ದೇನೆ.

ಮಗಳು ಮುತ್ತು ಕಳಿಸಿದ್ದಾಳೆ. ಅಮ್ಮನ ಆಶೀರ್ವಾದ, ಜೊತೆಗೆ ಬೈಗುಳವೂ ಉಂಟು, ಎರಡನ್ನೂ ಸಮಪಾಲಾಗಿ ತೆಗೆದುಕೋ. ನಿನ್ನ ರೂಮಿನವರಿಗೆ ನನ್ನ ನಮಸ್ಕಾರ ತಿಳಿಸು, ಗಂಟು ಗೇಟಿಗೆ ತಂದುಕೊಟ್ಟರಲ್ಲ, ಅದಕ್ಕೆ.

ಇಂತಿ ನಿನ್ನ,
ಬಿಸಿನೀರಿನವನು

ಮರೆತಿದ್ದೆ: ಹಾರನ್ ಕೇಳಿಸುತ್ತಿದೆ, ತಿರುವಿಗೆ ಬಂದ. ಗಂಟಿನಲ್ಲಿ ಎಡಗಾಲಿನ ಹಳೆಯದು, ಬಲಗಾಲಿಗೆ ಅಮ್ಮ ಈಗಷ್ಟೇ ಹೆಣೆದು ಮುಗಿಸಿದ ಅಗಲದ ಹೊಸದು ಇವೆ. ಅವುಗಳ ಕೆಳಗೆ ನಾನು ಅಳತೆ ಕತ್ತರಿಸುವ ಕಂದು ಕಾಗದದ ಎರಡು ಹಾಳೆ, ಒಂದು ಪೆನ್ಸಿಲ್ ಇಟ್ಟಿದ್ದೇನೆ. ಮಾತಿನಲ್ಲಿ ಏನೂ ಹೇಳಬೇಡ, ನಿನ್ನ ಮಾತನ್ನು ನಾನು ನಂಬುವುದಿಲ್ಲ. ಒಂದೊಂದು ಹಾಳೆಯ ಮೇಲೆ ಒಂದೊಂದು ಪಾದ ಊರಿ ಸುತ್ತ ಗೆರೆ ಎಳೆ. ನಿಲ್ಲಲು ಆಗದಿದ್ದರೆ ಕೂತು ಎಳೆ, ಬಗ್ಗಲು ಆಗದಿದ್ದರೆ ರೂಮಿನವರ ಕೈಯಲ್ಲಿ ಎಳೆಸು. ಬೆರಳೊಂದು ಕಡಿಮೆ ಇದ್ದರೆ ಕಡಿಮೆಯೇ ಬರಲಿ. ಒಂದು ಹಾಳೆಯಲ್ಲಿ ಗೆರೆಯೇ ಇಲ್ಲದಿದ್ದರೆ ಅದನ್ನೂ ಖಾಲಿಯಾಗಿಯೇ ಕಳಿಸು, ಅಡಗಿಸಬೇಡ. ನಾವು ಒಂದೇ ಕಾಲುಚೀಲ ಹೆಣೆಯುತ್ತೇವೆ, ಅದಕ್ಕೇನಂತೆ. ಆದರೆ ಯಾವುದಾದರೂ ಒಂದು ಹಾಳೆಯ ಮೂಲೆಯಲ್ಲಿ "ಬನ್ನಿ" ಎಂದು ಬರೆ. ಅಷ್ಟು ಬರೆದರೆ ಸಾಕು ಕಣೇ. ನನ್ನ ಬಟ್ಟೆ ಬ್ಯಾಗಿಗೆ ತುಂಬಿ ಬಾಗಿಲ ಹಿಂದೆ ಇಟ್ಟಿದ್ದೇನೆ, ಈ ಸಲ ಬಿಸಿನೀರು ತರುವುದಿಲ್ಲ.