ಅಪ್ಪನ ಕ್ಯಾಮೆರಾಗೆ ಇನ್ನೊಂದು ರೋಲ್

ಗಡಿಬಿಡಿರಾಯ,

ಫೋಟೋಗಳು ಬಂದಿವೆ. ಹೋದ ಜೀವ ಬಂತು ಕಣೋ. ಕಣ್ಣಿನ ಆಪರೇಷನ್ ಆದಮೇಲೆ ಅಪ್ಪ ತೆಗೆದ ಮೊದಲ ರೋಲ್, ಒಂದರಲ್ಲೂ ಫೋಕಸ್ ತಪ್ಪಿಲ್ಲ. ಅಮ್ಮನ ಹುಬ್ಬಿನ ಕೂದಲು ಕೂಡ ಎಣಿಸಬಹುದು.

ಮೇಜಿನ ಮೇಲಿರುವ, ಫಿಲ್ಮ್ ಸುತ್ತುವ ತಗಡಿನ ಸ್ಪೂಲನ್ನು ಕಸಕ್ಕೆ ಹಾಕಬೇಡ. ಲ್ಯಾಬಿನವನು ಬಿಸಾಡುವುದರಲ್ಲಿದ್ದ, ಬೇಡಿ ತಂದಿದ್ದೇನೆ. ಈಗ ಅಂಗಡಿಯಲ್ಲಿ ಸಿಗುವ ಫಿಲ್ಮಿನ ಸ್ಪೂಲ್ ದಪ್ಪ, ಅಪ್ಪನ ಹಳೇ ಕ್ಯಾಮೆರಾದೊಳಗೆ ಕೂರುವುದಿಲ್ಲ. ಅದಕ್ಕೇ ಕತ್ತಲಲ್ಲಿ ಕೂತು ಫಿಲ್ಮನ್ನು ಈ ಸಪೂರದ್ದಕ್ಕೆ ಸುತ್ತಬೇಕು.

ನಾನು ಬಚ್ಚಲಲ್ಲಿ ಹಾಗೆ ಸುತ್ತುತ್ತಿದ್ದಾಗಲೇ ನೀನು ಟವೆಲ್ ಬೇಕೆಂದು ಬಾಗಿಲು ತೆರೆದದ್ದು. ಫಿಲ್ಮ್ ಪೂರ್ತಿ ಹಾಳಾಗಿರುತ್ತದೆ, ಅಪ್ಪ ತಮ್ಮ ಕಣ್ಣೇ ಸರಿಹೋಗಿಲ್ಲ ಅಂದುಕೊಳ್ಳುತ್ತಾರೆ ಎಂದು ಹೆದರಿದ್ದೆ. ಬೆಳಕು ತಿಂದದ್ದು ಒಂದೇ ಫೋಟೋ, ಅದೂ ನಿನ್ನದು. ದೇವರಿದ್ದಾನೆ.

ಊಟಕ್ಕೆ ಮುಂಚೆ ಅಪ್ಪನ ಕಣ್ಣಿಗೆ ಔಷಧಿ ಹಾಕು. ಬಚ್ಚಲ ಬಾಗಿಲಿನ ಸಂದಿಗೆ ಅಂಟಿಸಿದ ಕಪ್ಪು ಟೇಪ್ ಕೀಳಬೇಡ, ಸಂಜೆ ಮತ್ತೆ ಬೇಕು. ಕ್ಯಾಮೆರಾ ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಿದ್ದ ಅಪ್ಪ ಬೆಳಿಗ್ಗೆ ಏನಂದರು ಗೊತ್ತಾ? "ಇನ್ನೊಂದು ರೋಲ್ ಸುತ್ಕೊಡಮ್ಮ. ಅವನ್ದು ಸರಿಯಾಗಿ ಬಂದಿಲ್ಲ, ಮತ್ತೆ ತೆಗೀಬೇಕು."

ಅಕ್ಕ