ಬುಟ್ಟಿಯಲ್ಲಿ ಬೇಯುವ ಅನ್ನ

ಪಂಗಾನಿ
೧೨ ಜೂನ್ ೨೦೧೩, ಬುಧವಾರ, ಬೆಳಗಿನ ಏಳು ಗಂಟೆ

ಮಾನ್ಯಳಾದ ಮ್ವಾನಹಾವಾಳ ಸನ್ನಿಧಿಗೆ, ಅವಳ ಗಂಡನ ಸಲಾಮುಗಳು.

ವಿವರಗಳನ್ನು ಈ ಕೆಳಗಿನಂತೆ ನಿವೇದಿಸಲಾಗಿದೆ:

೧. ಅರ್ಜಿದಾರ: ಅಥುಮಾನಿ ಕಿಂಗಾಜಿ, ವಯಸ್ಸು ಎಪ್ಪತ್ತೆರಡು. ಜಿಲ್ಲಾ ಕಚೇರಿಯ ಎದುರಿನ ಕಾಡುಬಾದಾಮಿ ಮರದಡಿ ಮೂವತ್ತೆಂಟು ವರ್ಷ ಊರಿನವರ ಅರ್ಜಿಗಳನ್ನು ಬರೆದವನು, ಈಗ ನಿವೃತ್ತ.

೨. ಅರ್ಜಿ ಸಲ್ಲುವುದು: ಅರ್ಜಿದಾರನೊಡನೆ ನಲವತ್ತನಾಲ್ಕು ವರ್ಷ ಸಂಸಾರ ಮಾಡಿ, ಸದ್ಯ ಮುಹೇಜಾದಲ್ಲಿ ತಂಗಿ ಸಿಜಾಳ ಮನೆಯಲ್ಲಿರುವ ಅವನ ಹೆಂಡತಿಗೆ.

೩. ವಿಷಯ: ಕಳೆದ ಏಪ್ರಿಲ್ ಇಪ್ಪತ್ತರಂದು, ಅತಿಥಿಗಳ ಸಮಕ್ಷಮದಲ್ಲಿ, ಬೇಯದೆ ಉಳಿದ ಅಲಸಂದೆ ಅನ್ನ.

೪. ಕೋರಿಕೆ: ಕೊನೆಯಲ್ಲಿ ಕಾಣಿಸಲಾಗಿದೆ. ದಯಮಾಡಿ ಮೊದಲಿನಿಂದ ಓದತಕ್ಕದ್ದು, ಒಬ್ಬಳೇ ಓದತಕ್ಕದ್ದು. ಸಿಜಾ ಪಕ್ಕದಲ್ಲಿದ್ದರೆ ನಗುತ್ತಾಳೆ.

ಮ್ವಾನಹಾವಾ, ಆ ದಿನದ ಸಂಗತಿಗಳಲ್ಲಿ ನೀನು ಬಲ್ಲದ್ದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನೀನೂ ಪಕ್ಕದ ಮನೆಯ ಚೌಸಿಕುವೂ ಇನ್ನೇಳು ಮಂದಿ ಹೆಂಗಸರೂ ಸೇರಿ ಹೆಣೆದ, ಬಿಸಿ ಹಿಡಿದಿಟ್ಟು ಬೆಂಕಿಯಿಲ್ಲದೆ ಬೇಯಿಸುವ ಬುಟ್ಟಿಗಳನ್ನು ಬಾಲಕಿಯರ ವಸತಿ ಶಾಲೆಯ ಮುಖ್ಯೋಪಾಧ್ಯಾಯಿನಿ ಎಸ್ತೇರಿಯವರು ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಶಾಲೆಯ ಅಡುಗೆಮನೆಗೆ ನಲವತ್ತು ಬುಟ್ಟಿ ಬೇಕಾಗುತ್ತಿತ್ತು. ಬೆಳಿಗ್ಗೆ ನೀನು ನೆನೆಸಿದ ಅಲಸಂದೆಯನ್ನು ಇದ್ದಿಲ ಒಲೆಯ ಮೇಲೆ ಅರೆಬೇಯಿಸಿ, ಅಕ್ಕಿಯನ್ನೂ ತೆಂಗಿನ ಹಾಲನ್ನೂ ಸೇರಿಸಿ, ಕುದಿ ಬಂದ ಕೂಡಲೇ ಪಾತ್ರೆಯನ್ನು ಬುಟ್ಟಿಗಿಳಿಸಿ, ಮೇಲೆ ಬೂರುಗದ ಹತ್ತಿಯ ದಿಂಬಿಟ್ಟು ಮುಚ್ಚಳ ಹಾಕಿದೆ. "ಇನ್ನು ಮಧ್ಯಾಹ್ನದ ತನಕ ಅದನ್ನ ಯಾರೂ ಮುಟ್ಟಬಾರ್ದು, ಕೇಳಿಸ್ತಾ?" ಎಂದು ನನ್ನ ಮುಖವನ್ನೇ ನೋಡಿ ಹೇಳಿ, ಹೊಸ ಕಾಂಗಾ ಸುತ್ತಿಕೊಂಡು ದೋಣಿಕಟ್ಟೆಗೆ ಅತಿಥಿಗಳನ್ನು ಕರೆತರಲು ಹೋದೆ.

ಊಟಕ್ಕೆ ಕುಳಿತಾಗ ಅಕ್ಕಿ ಹೆಪ್ಪುಗಟ್ಟಿತ್ತು, ಅಲಸಂದೆ ಕಲ್ಲಿನಂತಿತ್ತು. ಎಸ್ತೇರಿಯವರು ಒಂದು ಕಾಳನ್ನು ಬಹಳ ಹೊತ್ತು ಅಗಿದರು. ಆಗ ನಾನು ಎಲ್ಲರಿಗೂ ಕೇಳುವಂತೆ, "ನಾ ಹೇಳ್ಲಿಲ್ವಾ, ಬೆಂಕಿ ಇಲ್ದೆ ಅಡ್ಗೆ ಆಗತ್ತಾ? ಇವ್ಳಿಗೆ ಊರು ಸುತ್ತೋಕೆ ಒಂದು ನೆಪ ಬೇಕಿತ್ತು" ಎಂದೆ. ನೀನು ತಟ್ಟೆಗಳನ್ನು ತೊಳೆದಿಟ್ಟು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಸಂಜೆಯ ಬಸ್ಸು ಹತ್ತಿದೆ.

ಇನ್ನು ನೀನು ಅರಿಯದ ಸಂಗತಿ. ಅರ್ಜಿದಾರನು ಸತ್ಯವಾಗಿ ನಿವೇದಿಸುವುದೇನೆಂದರೆ, ಮುಚ್ಚಳವನ್ನು ತೆರೆದವನು ಅರ್ಜಿದಾರನೇ. ಒಂದು ಬಾರಿಯಲ್ಲ, ಮೂರು ಬಾರಿ. ಮೊದಲ ಬಾರಿ ಕುತೂಹಲದಿಂದ. ಎರಡನೆಯ ಬಾರಿ, ಬೆಂಕಿಯಿಲ್ಲದೆಯೂ ಅನ್ನ ಅರಳುತ್ತಿರುವುದನ್ನು ಕಂಡು ನಂಬಲಾರದೆ. ಮೂರನೆಯ ಬಾರಿ ತೆರೆದದ್ದು ನೋಡುವುದಕ್ಕಲ್ಲ, ಮ್ವಾನಹಾವಾ. ಬಿಸಿಯೆಲ್ಲ ಹೋಗಲೆಂದು ಮುಚ್ಚಳವನ್ನು ಪಕ್ಕಕ್ಕಿಟ್ಟು ಒಂದು ಪೂರ್ತಿ ಗಂಟೆ ಅಂಗಳದಲ್ಲಿ ಕುಳಿತೆ.

ಇದಕ್ಕೆ ಕಾರಣವನ್ನು ಸಲ್ಲಿಸಬೇಕಾಗಿದೆ. ಮೂವತ್ತೆಂಟು ವರ್ಷ, ನಾನು ಮಧ್ಯಾಹ್ನ ಮರದ ಕೆಳಗಿನಿಂದ ಎದ್ದು ಬರುವಾಗ ನಮ್ಮ ಹಿತ್ತಿಲಿನ ಹೊಗೆ ಬೀದಿಯ ತಿರುವಿನಲ್ಲೇ ಕಾಣುತ್ತಿತ್ತು. ಹೊಗೆಯ ಕೆಳಗೆ ಬೀಸಣಿಗೆ ಹಿಡಿದು ನೀನಿರುತ್ತಿದ್ದೆ. ನಿನ್ನ ಕಣ್ಣು ಉರಿಯುತ್ತಿದೆಯೇ ಎಂದು ನಾನು ಕೇಳಲಿಲ್ಲ. ನನಗಾಗಿ ಒಬ್ಬರು ಕಾಯುತ್ತಿದ್ದಾರೆಂಬುದೇ ಸಾಕಾಗಿತ್ತು. ಬುಟ್ಟಿ ಬಂದ ಮೇಲೆ ಹೊಗೆಯಿಲ್ಲ, ನೀನೂ ಇಲ್ಲ. ನೀನು ಚೌಸಿಕುವಿನ ಜಗುಲಿಯಲ್ಲಿ ನಗುತ್ತ ಬುಟ್ಟಿ ಹೆಣೆಯುತ್ತಿದ್ದೆ. ಅನ್ನ ತಾನಾಗಿ ಬೇಯುವ ಮನೆಯಲ್ಲಿ ನನ್ನ ಕೆಲಸವೇನೆಂದು ನನಗೆ ತಿಳಿಯಲಿಲ್ಲ. ಬೇರೆಯವರ ಅಹವಾಲುಗಳನ್ನು ಸಾವಿರಗಟ್ಟಲೆ ಬರೆದವನಿಗೆ ಈ ಒಂದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ.

ನೀನು ಹೋದ ಮೇಲೆ ಚೌಸಿಕುವನ್ನು ಒಂದು ಬುಟ್ಟಿ ಕೇಳಿದೆ. "ಯಾಕಜ್ಜಾ, ಇದನ್ನೂ ಹಾಳು ಮಾಡೋಕಾ?" ಎಂದಳು. ಅವಳಿಗೆ ಅನುಮಾನ ಮೊದಲೇ ಇತ್ತೆಂದು ಕಾಣುತ್ತದೆ. ಕೊಟ್ಟದ್ದು ಬರಿಯ ಬುಟ್ಟಿಯನ್ನು. ಒಳಗಿನ ಹತ್ತಿಯನ್ನು ನೀನೇ ಹೊಂಚಿಕೋ ಎಂದಳು. ಹೊಂಚಿಕೊಂಡೆ.

ಮೊದಲ ದಿನ ಒಂದು ಹಿಡಿ ಅಕ್ಕಿ, ಅರ್ಧ ಹಿಡಿ ಅಲಸಂದೆ ಇಟ್ಟೆ. ಬೇಯಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಚೌಸಿಕು ಬೇಲಿಯ ಆಚೆಯಿಂದ, "ಏನಜ್ಜಾ, ಅಲಸಂದೆಗೂ ಒಂದು ಅರ್ಜಿ ಬರೀಬಾರ್ದಾ, ಬೇಯಮ್ಮಾ ಅಂತ!" ಎಂದು ಬಿದ್ದು ಬಿದ್ದು ನಕ್ಕಳು. ಬಳಿಕ ಒಳಗೆ ಬಂದು ಪಾತ್ರೆಯನ್ನು ನೋಡಿ ನಗು ನಿಲ್ಲಿಸಿದಳು. "ಒಬ್ಬನಿಗೆ ಅಂತ ಇಷ್ಟೇ ಇಷ್ಟು ಇಟ್ರೆ ಬಿಸಿ ನಿಲ್ಲಲ್ಲ ಅಜ್ಜಾ. ಪಾತ್ರೆ ತುಂಬಿರ್ಬೇಕು" ಎಂದಳು.

ಅಂದಿನಿಂದ ಪಾತ್ರೆ ತುಂಬ ಬೇಯಿಸುತ್ತಿದ್ದೇನೆ. ತಿನ್ನುವವರು ಬೇಕಲ್ಲ, ದೋಣಿಕಟ್ಟೆಯವರನ್ನು ಕರೆಯುತ್ತೇನೆ. ಅವರು ನನ್ನನ್ನು ಈಗ "ಬಾಣಸಿಗರೇ" ಎನ್ನುತ್ತಾರೆ. ಅದಕ್ಕೆ ನಾನು ಆಕ್ಷೇಪಣೆ ಸಲ್ಲಿಸಿಲ್ಲ.

ಕಳೆದ ವಾರ ಎಸ್ತೇರಿಯವರ ಶಾಲೆಗೆ ನಡೆದುಹೋಗಿ, ನಿನಗೆ ಮೇಲೆ ಬರೆದದ್ದನ್ನೆಲ್ಲ ಅವರ ಮೇಜಿನ ಮುಂದೆ ನಿಂತು ಹೇಳಿದೆ. ಬರೆದುಕೊಂಡು ಹೋಗಿದ್ದೆ, ಆದರೆ ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ. ಆಕೆ ಕನ್ನಡಕವನ್ನು ತೆಗೆದಿಟ್ಟು, "ಅಯ್ಯೋ ಮಹರಾಯರೇ, ಒಂದೂವರೆ ತಿಂಗಳು ಬೇಕಾಯ್ತಾ ಇದನ್ನ ಹೇಳೋಕೆ? ಆ ಹೆಂಗಸಿನ ಮುಖ ನಂಗಿನ್ನೂ ಕಣ್ಣಲ್ಲೇ ಇದೆ" ಎಂದರು. ಬುಟ್ಟಿಯ ವ್ಯಾಪಾರದ ಮಾತನ್ನು ನಾನೇ ಮುಗಿಸಿಕೊಡುತ್ತೇನೆಂದಾಗ ಬೇಡವೆಂದು ತಲೆಯಾಡಿಸಿದರು. "ನಿಮ್ಮ ಮಾತು ಸಾಕು. ಹದಿನೈದಕ್ಕೆ, ಶನಿವಾರ, ಬರ್ತೀನಿ. ಅವ್ರೇ ಬೇಯಿಸ್ಬೇಕು, ಅವ್ರೇ ಹೇಳ್ಬೇಕು. ಅವ್ರಿಲ್ದಿದ್ರೆ ನಾನು ಬೇರೆ ಕಡೆ ನೋಡ್ಕೋತೀನಿ" ಎಂದರು.

ಆದ್ದರಿಂದ ಕೋರಿಕೆಯು ಈ ರೀತಿ ಇದೆ: ಈ ಶನಿವಾರ, ಜೂನ್ ಹದಿನೈದರೊಳಗೆ, ಪಂಗಾನಿಗೆ ಬರುವ ಕೃಪೆ ಮಾಡಬೇಕು. ಎಂಟು ಮಂದಿ ಹೆಂಗಸರು ನಿನ್ನ ದಾರಿ ನೋಡುತ್ತಿದ್ದಾರೆ. ಅವರಿಗಾಗಿ ಬಂದು, ನನಗಾಗಿ ಉಳಿಯದೆ ಹಿಂತಿರುಗಿದರೂ ಅರ್ಜಿದಾರನಿಗೆ ದೂರಿಲ್ಲ. ಉಳಿದರೆ, ಒಲೆ ಹಚ್ಚುವುದೂ ಅಲಸಂದೆ ನೆನೆಸುವುದೂ ನನ್ನ ಕೆಲಸ. ಮಧ್ಯಾಹ್ನ ನೀನು ಚೌಸಿಕುವಿನ ಜಗುಲಿಯಿಂದ ಎದ್ದು ಬರುವಾಗ ಬೀದಿಯ ತಿರುವಿನಲ್ಲಿ ಹೊಗೆ ಕಾಣುವುದಿಲ್ಲ. ಬಾಗಿಲಲ್ಲಿ ನಾನು ಕಾಣುತ್ತೇನೆ.

ಇಂತು ವಿನಂತಿಸುವ,

(ಸಹಿ) ಅಥುಮಾನಿ
ನಿನ್ನವನು

ಮರೆತದ್ದು: ಹತ್ತಿಯನ್ನು ನನ್ನ ದಿಂಬನ್ನು ಬಿಚ್ಚಿ ತೆಗೆದೆ. ತೋಳನ್ನೇ ಮಡಿಸಿಕೊಂಡು ಮಲಗುವುದು ರೂಢಿಯಾಗಿದೆ. ನಿನ್ನ ದಿಂಬು ಇಟ್ಟಲ್ಲೇ ಇದೆ, ಮುಟ್ಟಿಲ್ಲ. ಎಂಟು ಗಂಟೆಯ ಬಸ್ಸಿನ ಕಂಡಕ್ಟರನ ಕೈಗೆ ಒಂದು ಬುಟ್ಟಿಯನ್ನು ಕೊಡುತ್ತಿದ್ದೇನೆ; ಹನ್ನೊಂದೂವರೆಗೆ ಮುಂಚೆ ಬಿಚ್ಚಬೇಡ. ಬೆಂದಿದೆಯೋ ಇಲ್ಲವೋ ನನಗೆ ತಿಳಿಯದು.

ಲಗತ್ತು: ಬುಟ್ಟಿ ಒಂದು. ಅದರೊಳಗೆ ಅಲಸಂದೆ ಅನ್ನದ ಪಾತ್ರೆ ಒಂದು, ತುಂಬಿದ್ದು. ಮುಚ್ಚಳವನ್ನು ಯಾರೂ ತೆರೆದಿಲ್ಲ.