ಈ ವರ್ಷದ ಸಹಿ

ಅಪ್ಪನಿಗೆ,

ಬೇರೆ ಸಂಸಾರ ಹೂಡಿದ ಮೇಲೆ ನೀವು ನಮಗೆ ವಿಳಾಸ ಕೊಟ್ಟವರಲ್ಲ, ನಾನೇ ಹುಡುಕಿಕೊಂಡೆ. ಖಾಸಗಿ ಕಂಪನಿಗಳ ಮಾಹಿತಿ ಹುಡುಕಿಕೊಡುವುದೇ ನನ್ನ ಕೆಲಸ. ಅಂಥ ಕಂಪನಿಗಳು ಹೊರಗಿನವರ ಮುಂದೆ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಆದರೂ ವರ್ಷಕ್ಕೊಮ್ಮೆ ನಿರ್ದೇಶಕರು ಸಹಿ ಹಾಕಿದ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು, ಅದನ್ನು ಯಾರು ಬೇಕಾದರೂ ತೆಗೆಸಿ ನೋಡಬಹುದು.

ನಿಮ್ಮ ಪಂಪ್ ಕಂಪನಿಯ ವರದಿಯನ್ನು ಪ್ರತಿ ವರ್ಷ ಮನೆಗೆ ತರುತ್ತೇನೆ. ಅಮ್ಮ ಲಾಭ ನಷ್ಟದ ಗೋಜಿಗೆ ಹೋಗುವುದಿಲ್ಲ. ಕೊನೆಯ ಪುಟ ತೆಗೆದು ಸಹಿ ನೋಡಿ, "ಆರಾಮಾಗಿದ್ದಾರೆ ಬಿಡು" ಅಂತ ಅಡುಗೆಮನೆಗೆ ಹೋಗುತ್ತಾಳೆ. ಹೋದ ವರ್ಷ ಮಾತ್ರ, "ಕೈ ನಡುಗಿದೆ ಕಣೇ" ಅಂದಳು.

ಈ ವರ್ಷ ಗಡುವು ಮುಗಿದರೂ ವರದಿ ಬಂದಿಲ್ಲ. ಅಮ್ಮನ ಕಾಟ ತಾಳಲಾರದೆ, "ಬಂದಿದೆ, ಸಹಿ ನೆಟ್ಟಗಿದೆ" ಅಂದುಬಿಟ್ಟೆ. ಈಗ, "ಹಾಗಾದ್ರೆ ತಂದು ತೋರಿಸು" ಅಂತ ಪಟ್ಟು ಹಿಡಿದು ಕೂತಿದ್ದಾಳೆ.

ಮನೆಗೆ ಬನ್ನಿ ಅಂತ ಕರೆಯುತ್ತಿಲ್ಲ. ಈ ಪತ್ರವನ್ನು ಅಲ್ಲಿ ಯಾರಿಗೂ ತೋರಿಸಬೇಕಾಗಿಯೂ ಇಲ್ಲ. ದಂಡ ಕಟ್ಟಿ ತಡವಾಗಿ ಸಲ್ಲಿಸಲು ಅವಕಾಶವಿದೆ, ದಯವಿಟ್ಟು ಸಲ್ಲಿಸಿ. ಸಹಿ ಎಷ್ಟು ಸೊಟ್ಟಗಿದ್ದರೂ ಪರವಾಗಿಲ್ಲ, ನಿಮ್ಮದೇ ಆಗಿರಲಿ.

ನಿಮ್ಮ ಮೊದಲ ಮನೆಯ ಮಗಳು